ಫ್ಲೈ ರೀಲ್ ತಗೊಳ್ಳೋ ಮುಂಚೆ ಟಿಪ್ಪೆಟ್ ಕಟ್ಟಿ ಎಳೆದು ನೋಡಿ
ಫ್ಲೈ ಫಿಶಿಂಗ್‌ಗೆ (ಹಗುರವಾದ ನಕಲಿ ಹುಳ ಬಿಟ್ಟು ಮೀನು ಹಿಡಿಯೋದು) ಯಾವ ಬ್ರ್ಯಾಂಡ್ ರೀಲ್ ಅಂತ ಕನ್ಫ್ಯೂಸ್ ಆಗಿದ್ರೆ ಬರೀ ಹ್ಯಾಂಡಲ್ ತಿರುಗಿಸಿ ಡಿಸೈಡ್ ಮಾಡ್ಬೇಡಿ, ಲೈನ್ ಸುತ್ತಿರೋ ರೀಲ್ ಕೇಳಿ ಇಸ್ಕೊಂಡು ತುದಿಗೆ ಒಂದಡಿ ತೆಳು ಟಿಪ್ಪೆಟ್, ಅಂದ್ರೆ ನಕಲಿ ಹುಳ ಕಟ್ಟೋ ತುದಿ ದಾರ, ಕಟ್ಟಿ (5ಎಕ್ಸ್ ದಪ್ಪದ್ದು ಸಾಕು), ಡ್ರ್ಯಾಗ್ ಅಂದ್ರೆ ರೀಲಿನ ಬ್ರೇಕ್ ಹಗುರಕ್ಕೆ ಇಟ್ಟು ಮೊದಲು ಮೆಲ್ಲಗೆ ಆಮೇಲೆ ಗಬಕ್ಕನೆ ಎಳೀರಿ. ಸ್ಪೂಲ್ (ಲೈನ್ ಸುತ್ತಿರೋ ಚಕ್ರ) ಸಲೀಸಾಗಿ ಹೊರಟ್ರೆ ಒಳ್ಳೇದು, ಒಂದು ಕ್ಷಣ ಹಿಡ್ಕೊಂಡು ಆಮೇಲೆ ಜಕ್ ಅಂತ ಬಿಟ್ರೆ ಎಷ್ಟೇ ಚೆಂದ ಇದ್ರೂ ವಾಪಸ್ ಇಟ್ಬಿಡಿ. ಯಾಕಂದ್ರೆ ನಿಂತಿರೋ ಸ್ಪೂಲ್ ಹೊರಡೋಕೆ ಬೇಕಾದ ಬಲ ತಿರುಗ್ತಿರೋವಾಗಿನದಕ್ಕಿಂತ ಜಾಸ್ತಿ, ಟ್ರೌಟ್ ಮೀನು ಓಡೋಕೆ ಶುರು ಮಾಡಿದ ಆ ಮೊದಲ ಎಳೆತದಲ್ಲೇ ಟಿಪ್ಪೆಟ್ ಕಟ್ ಆಗೋದು. ನನ್ನ ಓಟು ಲ್ಯಾಮ್ಸನ್‌ಗೆ, ಅದರ ಕೋನ್ ಆಕಾರದ ಡ್ರ್ಯಾಗ್ ಸೀಲ್ ಆಗಿರುತ್ತೆ, ನೀರು ಮರಳು ಒಳಗೆ ಹೋಗಲ್ಲ, ಆರೈಕೆ ಕಡಿಮೆ. ಕಾರ್ಕ್ ಡ್ರ್ಯಾಗ್ ಇರೋ ಏಬೆಲ್ ಹಳೇ ಮಾಡೆಲ್‌ಗಳೂ ಬಹಳ ಮೃದು, ಆದ್ರೆ ಕಾರ್ಕ್‌ಗೆ ಆಗಾಗ ಎಣ್ಣೆ ಹಾಕ್ಬೇಕು, ಎತ್ತಿಡುವಾಗ ಡ್ರ್ಯಾಗ್ ನಾಬ್ ಪೂರ್ತಿ ಸಡಿಲ ಮಾಡ್ಬೇಕು, ಇಲ್ಲಾಂದ್ರೆ ಕಾರ್ಕ್ ಒತ್ತಿ ಕೂತ್ಬಿಡುತ್ತೆ. ಹಾರ್ಡಿ ಪರ್ಫೆಕ್ಟ್ ಥರ ಕ್ಲಿಕ್ ಮೇಲೆ (ಹಲ್ಲುಚಕ್ರಕ್ಕೆ ಟಕಟಕ ತಾಗೋ ಸ್ಪ್ರಿಂಗ್ ತಡೆ) ನಡೆಯೋ ರೀಲ್‌ಗೆ ಈ ಟೆಸ್ಟ್ ಉಪಯೋಗಕ್ಕೆ ಬರಲ್ಲ, ಅಲ್ಲಿ ನಿಜವಾದ ಬ್ರೇಕ್ ಅಂದ್ರೆ ನಿಮ್ಮ ಕೈನೇ. ಸಣ್ಣ ಹೊಳೆಯ ಎಂಟಿಂಚಿನ ಟ್ರೌಟ್‌ಗೂ ಅಷ್ಟೇ, ಲೈನ್ ಕೈಯಲ್ಲೇ ಎಳ್ಕೊಳ್ತೀರ, ರೀಲ್ ಬರೀ ಲೈನ್ ಸುತ್ತಿಡೋ ಡಬ್ಬಿ, ಆ ದುಡ್ಡು ಒಳ್ಳೇ ಲೈನ್‌ಗೆ ಹಾಕಿ.