ಕಲಬುರಗಿ ಬಿಸಿಲಿನಲ್ಲಿ ಮನಿಪ್ಲಾಂಟ್: ನನ್ನ ಅನುಭವ

ನಾನು ನೋಡಿದ ಮಟ್ಟಿಗೆ ಕಲಬುರಗಿಯ ಮನೆಗಳಲ್ಲಿ ಮನಿಪ್ಲಾಂಟ್ ಕೆಡುವುದು ಬಿಸಿಲಿಗಿಂತ ಮಣ್ಣಿನಿಂದಲೇ ಹೆಚ್ಚು. ನಮ್ಮ ಕಪ್ಪು ಎರೆಮಣ್ಣು ತೊಗರಿಗೆ ಚಿನ್ನ, ಕುಂಡಕ್ಕಲ್ಲ. ನೀರು ಬಿದ್ದರೆ ಅಂಟಾಗಿ ಬೇರಿಗೆ ಗಾಳಿ ಬಿಡುವುದಿಲ್ಲ. ಒಣಗಿದರೆ ಕುಂಡದ ಅಂಚು ಬಿಟ್ಟು ಬಿರಿಯುತ್ತದೆ, ಎಳೆ ಬೇರುಗಳು ಹರಿಯುತ್ತವೆ. ಆಮೇಲೆ ಹಾಕಿದ ನೀರು ಬಿರುಕಿನಲ್ಲೇ ಇಳಿದು ತಳದ ತೂತಿನಿಂದ ಹೋಗಿಬಿಡುತ್ತದೆ.

ಈ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ತೇವದ ಗಾಳಿಯಲ್ಲಿ ಮರ ಹತ್ತಿ ಬೆಳೆಯುವ ಜಾತಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಅದಕ್ಕೆ ನನ್ನ ಮಿಶ್ರಣ ಇದು: ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಉಸುಕು ಅಥವಾ ಇಟ್ಟಂಗಿ ಚೂರು ತಲಾ ಒಂದು ಪಾಲು. ಬೀದರಿನವರಿಗೆ ಕೆಂಪು ಮಣ್ಣು ಊರಲ್ಲೇ ಸಿಗುತ್ತದೆ. ನಾವು ನರ್ಸರಿಯಿಂದ ತರಬೇಕು. ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಉದುರದಿದ್ದರೆ ಇನ್ನಷ್ಟು ಉಸುಕು ಬೇಕೆಂದು ಅರ್ಥ.

ಹೊಸ ಗಿಡಕ್ಕೆ ಬಳ್ಳಿಯಿಂದ ಕಡ್ಡಿ ಕತ್ತರಿಸುವುದು ಮೃಗಶಿರ ಮಳೆ ಬಿದ್ದ ಮೇಲೆ, ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಬೇರಿಲ್ಲದ ಕಡ್ಡಿ ಕುಡಿಯುವುದಕ್ಕಿಂತ ವೇಗವಾಗಿ ಎಲೆ ನೀರು ಕಳೆದುಕೊಳ್ಳುತ್ತದೆ, ಕಡ್ಡಿ ಸೊರಗುತ್ತದೆ. ಎಲೆ ಹುಟ್ಟಿದ ಜಾಗದ ಗೆಣ್ಣನ್ನು ನೋಡಿ. ಅದರ ಮಗ್ಗುಲಲ್ಲಿ ಕಂದು ಬಣ್ಣದ ಸಣ್ಣ ಮೊಳೆಯಂಥದ್ದು ಇರುತ್ತದೆ, ಮುಂದೆ ಬೇರಾಗುವುದು ಅದೇ. ಗೆಣ್ಣಿನಿಂದ ಅರ್ಧ ಇಂಚು ಕೆಳಗೆ, ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕತ್ತರಿಸುತ್ತೇನೆ. ಒಂದು ಕಡ್ಡಿಗೆ ಎರಡು ಗೆಣ್ಣು, ಒಂದೋ ಎರಡೋ ಎಲೆ ಸಾಕು. ಗೆಣ್ಣಿಲ್ಲದ ಬರೀ ಎಲೆಯನ್ನು ನೀರಿಗಿಟ್ಟರೆ ಬೇರು ಬರಬಹುದು, ಆದರೆ ಚಿಗುರುವ ಕಣ್ಣು ಗೆಣ್ಣಿನಲ್ಲೇ ಇರುವುದರಿಂದ ಬಳ್ಳಿ ಎಂದೂ ಬರುವುದಿಲ್ಲ. ಬಹಳ ಮಂದಿ ತಿಂಗಳುಗಟ್ಟಲೆ ಕಾಯುವುದು ಇಂಥ ಎಲೆಯನ್ನೇ.

ಬೇರು ಬರಲು ಕಡ್ಡಿಯನ್ನು ನೀರಿನಲ್ಲಿಡಿ. ಕೆಳಗಿನ ಗೆಣ್ಣು ಮುಳುಗುವಷ್ಟು ನೀರು ಸಾಕು, ಎಲೆ ನೀರಿಗೆ ತಾಗಬಾರದು. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಬೇಕು. ಬೋರಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಮಳೆಗಾಲದಲ್ಲಿ ಹತ್ತು ದಿನದ ಆಸುಪಾಸಿನಲ್ಲಿ ಬಿಳಿ ಬೇರು ಕಾಣುತ್ತದೆ. ಎರಡು ಇಂಚು ಆದೊಡನೆ ಮಣ್ಣಿಗೆ ಹಾಕಿ; ನೀರಲ್ಲೇ ಬಹಳ ದಿನ ಬೆಳೆದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಒದ್ದಾಡುತ್ತದೆ. ಕಡ್ಡಿಯ ತುದಿ ಕಪ್ಪಾಗಿ ಮೆತ್ತಗಾದರೆ ಗಟ್ಟಿ ಹಸಿರು ಸಿಗುವವರೆಗೂ ಕತ್ತರಿಸಿ, ಹೊಸ ನೀರಿನಲ್ಲಿ ಮತ್ತೆ ಇಡಿ.

ಆರು ಇಂಚಿನ ಕುಂಡಕ್ಕೆ ನಾಲ್ಕೈದು ಕಡ್ಡಿ ಒಟ್ಟಿಗೆ ಹಾಕುತ್ತೇನೆ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ತೇವವಾಗಿಯೇ ಉಳಿದು ಕೊಳೆ ಹಿಡಿಯುತ್ತದೆ. ಮೊದಲ ಹದಿನೈದು ದಿನ ಮಣ್ಣು ಸಣ್ಣಗೆ ತೇವ ಇರಲಿ. ಆಮೇಲೆ ಬೆರಳನ್ನು ಒಂದೂವರೆ ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು.

ಬೇಸಿಗೆಯಲ್ಲಿ ಪೂರ್ವದ ಕಿಟಕಿಯಿಂದ ಮೂರ್ನಾಲ್ಕು ಅಡಿ ಒಳಗಿಡುತ್ತೇನೆ. ಪಶ್ಚಿಮದ ಕಿಟಕಿ ಬೇಡ, ಕಾದ ಫರ್ಸಿ ಕಲ್ಲಿನ ಮೇಲೂ ಬೇಡ. ಎಲೆಗೆ ನೀರು ಸಿಂಪಡಿಸಿದರೆ ನಮ್ಮ ಸೆಕೆಯಲ್ಲಿ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ. ಕೂಲರ್ ಇರುವ ಕೋಣೆ ಇದಕ್ಕಿಂತ ಎಷ್ಟೋ ಮೇಲು. ಎಲೆಯ ಧೂಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವಾಗ ಎಲೆಯಡಿಯನ್ನೂ ನೋಡಬೇಕು. ಒಣ ಬಿಸಿಲಿಗೆ ಜೇಡನುಸಿ ಸಣ್ಣ ಬಲೆ ಕಟ್ಟುವುದು ಅಲ್ಲೇ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ, ಸಂಜೆ ಹೊತ್ತು ಎಲೆಯಡಿಗೆ ಹೊಡೆಯಿರಿ. ವಾರ ಬಿಟ್ಟು ಮತ್ತೊಮ್ಮೆ.

ಮಣ್ಣು ಒದ್ದೆ ಇದ್ದೂ ಕೆಳಗಿನ ಎಲೆ ಸಾಲಾಗಿ ಹಳದಿಯಾದರೆ ಬೇರು ಕೊಳೆಯುತ್ತಿದೆ. ತುದಿ ಕಂದಿ ಗರಿಗರಿಯಾಗಿ, ಮಣ್ಣಿನ ಮೇಲೆ ಬಿಳಿ ಉಪ್ಪು ಕಂಡರೆ ಬೋರಿನ ನೀರಿನ ಮೇಲೆ ಅನುಮಾನಪಡಿ. ಮಳೆನೀರನ್ನು ಕುಂಡದ ಅಳತೆಯ ಮೂರು ಪಟ್ಟು ನಿಧಾನವಾಗಿ ಸುರಿದು ಪೂರ್ತಿ ಬಸಿಯಲು ಬಿಡಿ. ಎಲೆಯ ಹಳದಿ ಪಟ್ಟೆ ಮಾಯವಾಗುತ್ತಿದ್ದರೆ ಬೆಳಕು ಸಾಲದು.

ಕತ್ತರಿಸಿದ ಚೂರುಗಳನ್ನು ಮಕ್ಕಳು, ಬೆಕ್ಕು, ಮೇಕೆಗೆ ಸಿಗದಂತೆ ಎಸೆಯಿರಿ. ಇದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿದು ಊದುತ್ತದೆ.