ಖರ್ಚಿನ ಆ್ಯಪ್ ಲೆಕ್ಕ ತಪ್ಪಿದರೆ, ಸಪೋರ್ಟ್‌ಗೆ ಬರೆಯುವ ಮುಂಚೆ ಇಷ್ಟು ಮಾಡಿ

ಎರಡು ವರ್ಷ ದಿನಾ ರಾತ್ರಿ ಕೂತು ಬರೆದ ಲೆಕ್ಕ ನನ್ನದು. ಹಾಲು, ತರಕಾರಿ, ಆಟೋ, ಎಲ್ಲ. ಒಂದು ಅಪ್‌ಡೇಟ್ ಬಂದ ಮೇಲೆ ಆ್ಯಪ್ ತೋರಿಸುವ ಬ್ಯಾಲೆನ್ಸ್‌ಗೂ ಬ್ಯಾಂಕಿನದ್ದಕ್ಕೂ ತಾಳೆಯೇ ಆಗಲಿಲ್ಲ. ಸಪೋರ್ಟ್‌ಗೆ ಬರೆದೆ. ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಅಂದರು. ಹಾಗೇ ಮಾಡಿದೆ. ಬ್ಯಾಂಕ್ ಮೆಸೇಜ್‌ಗಳಿಂದ ಓದಿಕೊಂಡಿದ್ದ ಖರ್ಚೆಲ್ಲ ವಾಪಸ್ ಬಂತು, ಆದರೆ ನಾನು ಕೈಯಾರೆ ಬರೆದಿದ್ದ ನಗದು ಖರ್ಚು ಒಂದೂ ಬರಲಿಲ್ಲ, ಯಾಕೆಂದರೆ ಅದು ಇದ್ದದ್ದು ಫೋನ್‌ನಲ್ಲಿ ಮಾತ್ರ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾಗಿ ಮೊದಲ ಕೆಲಸ ಎಕ್ಸ್‌ಪೋರ್ಟ್. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಸಿಎಸ್‌ವಿ ಫೈಲ್ (ಎಕ್ಸೆಲ್‌ನಂಥದ್ದರಲ್ಲಿ ತೆರೆಯುವ ಪಟ್ಟಿ) ತೆಗೆದು ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ತೆರೆದೂ ನೋಡಿ, ಹಳೆಯ ತಿಂಗಳುಗಳೆಲ್ಲ ಇವೆಯಾ ಅಂತ. ಎಕ್ಸ್‌ಪೋರ್ಟ್ ಕೊಡದ ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ನಾನು ಈಗ ಮುಟ್ಟುವುದಿಲ್ಲ. ಅಮೆರಿಕದಲ್ಲಿ ಅಷ್ಟೊಂದು ಜನ ಬಳಸುತ್ತಿದ್ದ ಖರ್ಚಿನ ಆ್ಯಪ್ ಮಿಂಟ್ ಕೂಡ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಲೆಕ್ಕ ನಮ್ಮದು, ನಮ್ಮ ಹತ್ತಿರ ಒಂದು ಪ್ರತಿ ಇರಲೇಬೇಕು.

ಆಮೇಲೆ ತಪ್ಪು ಯಾವ ಥರದ್ದು ಅಂತ ನೋಡಿ. ಬ್ಯಾಲೆನ್ಸ್ ಸರಿ ಇದ್ದು ತಿಂಗಳ ಖರ್ಚು ಮಾತ್ರ ಜಾಸ್ತಿ ಕಾಣುತ್ತಿದ್ದರೆ ಕ್ರೆಡಿಟ್ ಕಾರ್ಡ್ ಮೇಲೆ ಅನುಮಾನ ಪಡಿ. ಕಾರ್ಡ್‌ನಲ್ಲಿ 2,000 ರೂಪಾಯಿಗೆ ಬಟ್ಟೆ ತಗೊಂಡಾಗ ಒಂದು ಮೆಸೇಜ್, ಬಿಲ್ ಕಟ್ಟಿದಾಗ ಇನ್ನೊಂದು, ಆ್ಯಪ್ ಎರಡನ್ನೂ ಕೂಡಿಸಿ 4,000 ಅನ್ನುತ್ತದೆ. ಬಿಲ್ ಕಟ್ಟಿದ್ದನ್ನು ಖರ್ಚು ಅಂತ ಬಿಡದೆ ಟ್ರಾನ್ಸ್‌ಫರ್ ಅಂತ ಬದಲಾಯಿಸಿ. ನಿಮ್ಮದೇ ಎರಡು ಖಾತೆಗಳ ಮಧ್ಯೆ ದುಡ್ಡು ಹಾಕಿಕೊಂಡಾಗಲೂ ಇದೇ ಕಥೆ.

ಬ್ಯಾಲೆನ್ಸೇ ತಪ್ಪಿದ್ದರೆ ಸ್ವಲ್ಪ ಕೂತು ಹುಡುಕಬೇಕು. ಬ್ಯಾಂಕಿನ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದೊಂದೇ ಸಾಲು ನೋಡಬೇಡಿ, ತಲೆ ಕೆಡುತ್ತದೆ. ವರ್ಷದ ಮಧ್ಯದ ಒಂದು ದಿನದ ಬ್ಯಾಲೆನ್ಸ್ ಎರಡು ಕಡೆಯೂ ನೋಡಿ. ಅಲ್ಲಿ ತಾಳೆಯಾದರೆ ತಪ್ಪು ಆಮೇಲಿನದ್ದು, ಆಗದಿದ್ದರೆ ಮುಂಚಿನದ್ದು. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹೀಗೆ ಎಂಟೊಂಬತ್ತು ಸಲ ಮಾಡಿದರೆ ಇಡೀ ವರ್ಷದಲ್ಲಿ ಲೆಕ್ಕ ಮೊದಲು ತಪ್ಪಿದ ದಿನ ಸಿಕ್ಕೇ ಸಿಗುತ್ತದೆ. ಆ ದಿನದಲ್ಲಿ ವ್ಯತ್ಯಾಸ ಎಷ್ಟು ಅಂತ ಬರೆದುಕೊಳ್ಳಿ. ಅದು 2,400 ಆದರೆ 1,200ರ ಎಂಟ್ರಿ ಇದೆಯಾ ನೋಡಿ, ಖರ್ಚು ಜಮಾ ಆಗಿ ಕೂತಿರಬಹುದು. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು: 1,620 ಬರೆಯುವಲ್ಲಿ 1,260 ಬರೆದರೆ ವ್ಯತ್ಯಾಸ 360. ಸಣ್ಣಪುಟ್ಟ ವ್ಯತ್ಯಾಸವಾದರೆ ಮೆಸೇಜ್ ಬರದ ಪಾವತಿ ಇರಬೇಕು, ಕೆಲವು ಬ್ಯಾಂಕ್‌ಗಳು ಸಣ್ಣ ಮೊತ್ತಕ್ಕೆ ಮೆಸೇಜ್ ಕಳಿಸುವುದೇ ಇಲ್ಲ. ಸಿಎಸ್‌ವಿ ಇಂಪೋರ್ಟ್ ಮಾಡಿದ್ದರೆ ತಾರೀಕು ನೋಡಿ. 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದ ಲೆಕ್ಕದಲ್ಲಿ ಮಾರ್ಚ್ 4.

ಇನ್ನೊಂದು ವಿಷಯ. ಯುಪಿಐ ಫೇಲ್ ಆಗಿ ಖಾತೆಯಿಂದ ದುಡ್ಡು ಹೋಗಿದ್ದರೆ ಅದನ್ನು ಖರ್ಚಿನ ಆ್ಯಪ್‌ನವರಿಗೆ ಹೇಳಿ ಪ್ರಯೋಜನ ಇಲ್ಲ, ಬ್ಯಾಂಕ್‌ಗೆ ಹೇಳಿ. ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡಾದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಬ್ಯಾಂಕ್ 30 ದಿನ ಸುಮ್ನೆ ಇದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಈಗ ಸಪೋರ್ಟ್‌ಗೆ ಬರೆಯಿರಿ. "ಲೆಕ್ಕ ಸರಿ ಇಲ್ಲ" ಅಂತ ಬರೆದರೆ ಅದೇ ಹಳೇ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ಜೂನ್ 14ರವರೆಗೆ ಬ್ಯಾಲೆನ್ಸ್ ಸರಿ ಇತ್ತು. ಜೂನ್ 15ರ 850 ರೂಪಾಯಿಯ ಎಂಟ್ರಿ ಎರಡು ಸಲ ಬಂದಿದೆ. ಆ್ಯಪ್ ವರ್ಶನ್ ಇದು, ಫೋನ್ ಇದು. ಬ್ಯಾಕಪ್ ಇಲ್ಲದೆ ಆ್ಯಪ್ ತೆಗೆದುಹಾಕಲು ನಾನು ಒಪ್ಪುವುದಿಲ್ಲ." ಒಂದು ಮೇಲ್‌ಗೆ ಒಂದೇ ತೊಂದರೆ. ಸ್ಕ್ರೀನ್‌ಶಾಟ್‌ನಲ್ಲಿ ಖಾತೆ ನಂಬರ್ ಅಳಿಸಿ ಕಳಿಸಿ. ಅವರು ಕೊಡುವ ಟಿಕೆಟ್ ನಂಬರ್ (ದೂರಿನ ನಂಬರ್) ಇಟ್ಟುಕೊಂಡು ಅದೇ ಮೇಲ್‌ಗೆ ಉತ್ತರ ಕೊಡುತ್ತಾ ಹೋಗಿ, ಹೊಸದಾಗಿ ಬರೆದರೆ ಮತ್ತೆ ಮೊದಲಿಂದ ಶುರು.

ಉತ್ತರ ಬರಲಿಲ್ಲ ಅಂತ ಕಸ್ಟಮರ್ ಕೇರ್ ನಂಬರ್ ಅನ್ನು ಗೂಗಲ್‌ನಲ್ಲಿ ಹುಡುಕಬೇಡಿ ದಯವಿಟ್ಟು. ಮೋಸಗಾರರು ಅಲ್ಲೇ ಕಾಯುತ್ತಿರುತ್ತಾರೆ. ಆ್ಯಪ್ ಒಳಗಿರುವ ವಿಳಾಸ ಮಾತ್ರ ನಂಬಿ. ಫೋನ್‌ನ ಸ್ಕ್ರೀನ್ ಹಂಚಿಕೊಳ್ಳಿ ಅಂದರೆ ಅಲ್ಲೇ ಕಾಲ್ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡು ಕೊಟ್ಟು ಬಳಸುತ್ತಿದ್ದ ಆ್ಯಪ್ ಆಗಿದ್ದು, ಇಷ್ಟಾದರೂ ಸರಿ ಮಾಡಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆ್ಯಪ್ ಬಿಡುವಾಗ ಮೊದಲು ಪ್ಲೇ ಸ್ಟೋರ್‌ಗೆ ಹೋಗಿ ಸಬ್‌ಸ್ಕ್ರಿಪ್ಷನ್ ರದ್ದು ಮಾಡಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಬರೀ ಅನ್‌ಇನ್‌ಸ್ಟಾಲ್ ಮಾಡಿದರೆ ದುಡ್ಡು ಕಟ್ ಆಗುತ್ತಲೇ ಇರುತ್ತದೆ.