ಬೆಂದ್ರ್ ತೀರ್ಥಕ್ಕೆ ಹೋಗುವುದಾದರೆ ಹೊತ್ತು ನೋಡಿ ಹೋಗಿ

ಹಾಸನದಲ್ಲಿ ನಾನು ಹಳದಿ ಬೋರ್ಡ್ ಕಾರು ಓಡಿಸಲು ಶುರು ಮಾಡಿ 19 ವರ್ಷ ಆಯಿತು. ಬೇಲೂರು, ಹಳೇಬೀಡು, ಧರ್ಮಸ್ಥಳ, ಸುಬ್ರಹ್ಮಣ್ಯ. ನನ್ನ ಹೊಟ್ಟೆ ತುಂಬಿಸುವುದು ಈ ನಾಲ್ಕು ಊರು. ಆದರೆ ವರ್ಷಕ್ಕೆ ನಾಲ್ಕೈದು ಜನವಾದರೂ ಒಂದು ಪ್ರಶ್ನೆ ಕೇಳುತ್ತಾರೆ: "ಪುತ್ತೂರಿನ ಹತ್ತಿರ ಎಲ್ಲೋ ಭೂಮಿಯಿಂದಲೇ ಬಿಸಿನೀರು ಬರುತ್ತಂತಲ್ಲ, ಹೋಗಬಹುದಾ?" ಅದೇ ಬೆಂದ್ರ್ ತೀರ್ಥ. ಹೋಗಬಹುದು. ಆದರೆ ಯಾವಾಗ ಹೋಗುತ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಅದನ್ನು ನನಗೆ ಕಲಿಸಿದ್ದು ಚನ್ನರಾಯಪಟ್ಟಣದ ಕಡೆಯ ಒಬ್ಬ ಅಜ್ಜಿ.

ಮೊದಲ ಸಲ ಅವರ ಮನೆಯವರನ್ನು ಕರೆದುಕೊಂಡು ಹೋಗಿದ್ದು ಏಪ್ರಿಲ್‌ನಲ್ಲಿ. ಮಕ್ಕಳಿಗೆ ರಜೆ ಅಲ್ವಾ. ತಲುಪಿದಾಗ ಮಧ್ಯಾಹ್ನ ಒಂದೂವರೆ. ಕರಾವಳಿ ಕಡೆಯ ಬಿಸಿಲು, ಬೆವರು ಅಂಗಿಯನ್ನು ಹಿಂಡುವಷ್ಟು. ಅಜ್ಜಿ ಸೀರೆ ಎತ್ತಿಕೊಂಡು ಎರಡು ಮೆಟ್ಟಿಲು ಇಳಿದು ಕಾಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಏನ್ಲಾ ಮಗ, ಇದಕ್ಕಾ ಇಷ್ಟು ದೂರ ಕರ್ಕಂಡ್ ಬಂದೆ? ನಮ್ಮ ಬಚ್ಚಲ ಹಂಡೆ ನೀರೇ ಇದಕ್ಕಿಂತ ಕಾಯ್ತದೆ" ಅಂದರು. ನಾನು ಏನೂ ಹೇಳಲಿಲ್ಲ. ಅವರು ಹೇಳಿದ್ದು ನಿಜವೇ.

ವಿಷಯ ಇಷ್ಟೇ. ಹಿಮಾಚಲದ ಮಣಿಕರಣದಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬುಗ್ಗೆಗೆ ಇಳಿಬಿಟ್ಟು ಅನ್ನ ಮಾಡುತ್ತಾರೆ. ಅದನ್ನು ವಿಡಿಯೋದಲ್ಲಿ ನೋಡಿ ಇಲ್ಲೂ ಹಾಗೇ ಇರುತ್ತೆ ಅಂದುಕೊಂಡು ಬಂದರೆ ಮುಖ ಸಣ್ಣಗಾಗುತ್ತದೆ. ಬೆಂದ್ರ್ ತೀರ್ಥದ ನೀರಿನ ಬಿಸಿ 37ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂದರೆ ಹೆಚ್ಚುಕಡಿಮೆ ನಮ್ಮ ಮೈ ಬಿಸಿಯಷ್ಟೇ, ಇಲ್ಲ ಒಂದು ಚೂರು ಜಾಸ್ತಿ. ಏಪ್ರಿಲ್ ಮಧ್ಯಾಹ್ನ ಹೊರಗಿನ ಗಾಳಿಯೇ 35 ಇರುವಾಗ ಈ ನೀರು ಬಿಸಿ ಅಂತ ಯಾರಿಗೆ ಗೊತ್ತಾಗಬೇಕು? ಅದೇ ಜನವರಿಯ ಬೆಳಗ್ಗೆ ಆರೂವರೆಗೆ ಹೋಗಿ. ಗಾಳಿ ತಣ್ಣಗಿರುತ್ತದೆ. ತೋಟದ ಮೇಲೆ ಮಂಜು ಕೂತಿರುತ್ತದೆ. ಅಂಗಿ ಬಿಚ್ಚಿದರೆ ಮೈ ನಡುಗುತ್ತದೆ. ಆಗ ಕಾಲಿಟ್ಟು ನೋಡಿ.

ಹಾಗಾಗಿ ನನ್ನ ಲೆಕ್ಕ: ಡಿಸೆಂಬರ್, ಜನವರಿ, ಬೇಕಾದರೆ ಫೆಬ್ರವರಿ ಅರ್ಧದವರೆಗೆ. ಅದೂ ಬೆಳಗ್ಗೆ ಎಂಟರ ಒಳಗೆ. ಮಳೆಗಾಲದಲ್ಲಿ ಬೇಡವೇ ಬೇಡ. ತೀರ್ಥ ಇರುವುದು ಸೀರೆ ಹೊಳೆಯ ಪಕ್ಕ, ಹೊಳೆ ತುಂಬಿದಾಗ ಅಲ್ಲಿ ಸುಳಿಯಬಾರದು. ಅದಕ್ಕಿಂತ ಹೆಚ್ಚಾಗಿ ನಮ್ಮ ಘಾಟಿಗಳ ಭಯ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಲುವಿನಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆಗಿದ್ದು ನೆನಪಿದೆಯಲ್ಲ? ಸ್ನಾನಕ್ಕೆ ಅಂತ ಹೋಗಿ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಉಸಾಬರಿ ಯಾಕೆ?

ಈಗ ದಾರಿ. ಹಾಸನದಿಂದ ಪುತ್ತೂರಿಗೆ ಸುಮಾರು 130 ಕಿ.ಮೀ. ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ. ಉಪ್ಪಿನಂಗಡಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಹದಿಮೂರು ಕಿ.ಮೀ. ಒಳಗೆ ಪುತ್ತೂರು. ನಿಲ್ಲಿಸಿಕೊಂಡು ಹೋದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಚಿಕ್ಕಮಗಳೂರಿನವರಿಗೂ ದೂರ ಹೆಚ್ಚುಕಡಿಮೆ ಅಷ್ಟೇ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಗುರುವಾಯನಕೆರೆ, ಅಲ್ಲಿಂದ ಉಪ್ಪಿನಂಗಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿಯುವವರನ್ನು ನಾನು ಇನ್ನೂ ನೋಡಿಲ್ಲ. ಬಿಸಿಲೆ ಘಾಟಿ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ, ಚೆನ್ನಾಗಿದೆ, ಆದರೆ ವಯಸ್ಸಾದವರು ಜೊತೆಗಿದ್ದರೆ ಬೇಡ.

ಕಾರು ಇಲ್ಲದವರು ಹಾಸನದಲ್ಲಿ ಮಂಗಳೂರು ಕಡೆಯ ರೈಲು ಹತ್ತಬಹುದು. ಘಾಟಿ ಇಳಿದು ಸುಬ್ರಹ್ಮಣ್ಯ ರೋಡ್ ದಾಟಿ ಕಬಕ ಪುತ್ತೂರು ಸ್ಟೇಷನ್ ಸಿಗುತ್ತದೆ. ನನ್ನ ಹೊಟ್ಟೆಪಾಡಿಗೆ ಕಲ್ಲು ಬಿದ್ದರೂ ಪರವಾಗಿಲ್ಲ, ಆ ರೈಲಿನ ಹಾದಿ ಒಂದು ಸಲ ನೋಡಲೇಬೇಕು.

ನೀವೇ ಓಡಿಸುವುದಾದರೆ ಒಂದು ಮಾತು. ಘಾಟಿ ಹತ್ತುವಾಗ ಯಾವ ಗೇರೋ, ಇಳಿಯುವಾಗಲೂ ಅದೇ ಗೇರು. ನಾನು ಹೊಸದರಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಬರೀ ಬ್ರೇಕ್ ಮೇಲೆ ಇಳಿದಿದ್ದೆ. ಅರ್ಧ ಘಾಟಿಯಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು, ಪೆಡಲ್ ಮೆತ್ತಗಾಯಿತು. ಮೈಯೆಲ್ಲಾ ನೀರಾಯಿತು. ಪಕ್ಕಕ್ಕೆ ಹಾಕಿ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೆ. ಅವತ್ತಿನಿಂದ ಎರಡು, ಮೂರರಲ್ಲೇ ಇಳಿಯುವುದು. ಮಕ್ಕಳಿಗೆ ವಾಂತಿ ಬರುವ ಅಭ್ಯಾಸ ಇದ್ದರೆ ಸಕಲೇಶಪುರದಲ್ಲಿ ಪೂರಿ, ವಡೆ ಕೊಡಿಸಬೇಡಿ. ಒಂದು ಇಡ್ಲಿ ಸಾಕು. ಮುಂದಿನ ಸೀಟು, ಮೂಗಿನ ಹತ್ತಿರ ಒಂದು ನಿಂಬೆಹಣ್ಣು, ಕಿಟಕಿ ತೆಗೆದಿರಲಿ. ಮೊಬೈಲ್ ಕಿತ್ತುಕೊಳ್ಳಿ.

ಬೆಳಗ್ಗೆ ಆರೂವರೆಗೆ ಅಲ್ಲಿರಬೇಕು ಅಂದರೆ ಹಾಸನ ಬಿಡಬೇಕಾದ್ದು ರಾತ್ರಿ ಎರಡೂವರೆಗೆ. ಕೆಲವರು ಹಾಗೂ ಕರೆಯುತ್ತಾರೆ. ನಾನು ಒಪ್ಪುವುದಿಲ್ಲ. ಚಳಿಗಾಲದ ರಾತ್ರಿ ಘಾಟಿಯ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಕಾಣುವುದೇ ಹತ್ತಿರ ಹೋದ ಮೇಲೆ. ಸಾಲದ್ದಕ್ಕೆ ಆಲೂರು, ಸಕಲೇಶಪುರದ ಕಡೆ ಆನೆ ಕಾಟ. ಹಿಂದಿನ ದಿನ ಮಧ್ಯಾಹ್ನವೇ ಹೊರಟು ಪುತ್ತೂರಿನಲ್ಲಿ ಉಳಿಯಿರಿ. ಲಾಡ್ಜ್ ಸಿಗುತ್ತವೆ. ಸಂಜೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರಾ ಕೂಡುವ ಜಾಗ ನೋಡಬಹುದು. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಹಿಂದೆ ದೊಡ್ಡ ಕೆರೆ ಇದೆ. ಅದರಲ್ಲಿ ಮುತ್ತು ಬೆಳೆದಿತ್ತು, ಮುತ್ತೂರು ಅನ್ನುವುದೇ ಪುತ್ತೂರು ಆಯಿತು ಅಂತ ಆ ಊರಿನವರು ಹೇಳುತ್ತಾರೆ. ರಾತ್ರಿಗೆ ಕುಚಲಕ್ಕಿ ಅನ್ನ. ನಮ್ಮ ಬಯಲುಸೀಮೆ ಹೊಟ್ಟೆಗೆ ಮೊದಲ ತುತ್ತು ವಿಚಿತ್ರ ಅನಿಸುತ್ತದೆ, ಮೂರನೆಯದಕ್ಕೆ ಹೊಂದಿಕೊಳ್ಳುತ್ತದೆ.

ಬೆಳಗ್ಗೆ ಪುತ್ತೂರಿನಿಂದ ಮಡಿಕೇರಿ ಕಡೆಯ ಹೆದ್ದಾರಿ ಹಿಡಿಯಿರಿ. ಸಂಟ್ಯಾರ್‌ನಲ್ಲಿ ಬಲಕ್ಕೆ, ಬೆಟ್ಟಂಪಾಡಿ, ಪಾಣಾಜೆ ರಸ್ತೆ. ತೀರ್ಥ ಇರುವುದು ಇರ್ದೆ ಗ್ರಾಮದಲ್ಲಿ. ಪುತ್ತೂರಿನಿಂದ ಒಟ್ಟು ಹದಿನೈದು ಕಿ.ಮೀ. ಆಸುಪಾಸು. ಒಳಗೆ ಸಿಗ್ನಲ್ ಕೈಕೊಟ್ಟರೂ ಇರಲಿ ಅಂತ ಲಾಡ್ಜ್‌ನಲ್ಲೇ ಮ್ಯಾಪ್ ಇಳಿಸಿಕೊಳ್ಳಿ. ಇಲ್ಲದಿದ್ದರೆ ಕೇಳಿಕೊಂಡು ಹೋಗಿ. ಅವರ ಮನೆಮಾತು ತುಳು, ಆದರೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ, ಅದೂ ನಮಗಿಂತ ಶುದ್ಧವಾಗಿ, ಹೇಳುತ್ತಾರೆ. ಬೆಂದ್ರ್ ಅಂದರೆ ತುಳುವಿನಲ್ಲಿ ಬಿಸಿನೀರು ಅಂತಲೇ ಅರ್ಥ.

ಬೆಳ್ತಂಗಡಿ ತಾಲ್ಲೂಕಿನ ಬಂದಾರು ಗ್ರಾಮದಲ್ಲೂ ಒಂದು ಬಿಸಿನೀರ ಬುಗ್ಗೆ ಇದೆ, ಪಾಣೆಕಲ್ ಅಂತ. ಚಾರ್ಮಾಡಿ ಇಳಿದು ಬರುವವರಿಗೆ ಅದು ಹತ್ತಿರ. ನಾನು ಗಿರಾಕಿಗಳನ್ನು ಕರೆದುಕೊಂಡು ಹೋಗುವುದು ಇರ್ದೆಗೇ.

ಜಾಗ ದೊಡ್ಡದೇನಲ್ಲ. ಅಡಿಕೆ ತೋಟಗಳ ನಡುವೆ ಹೊಳೆ, ಪಕ್ಕದಲ್ಲಿ ಕಟ್ಟೆ ಕಟ್ಟಿದ ಒಂದು ಕೊಳ. ಹತ್ತಿರ ಹೋದಂತೆ ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕದ್ದು. ಮೊದಲು ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ, ಹತ್ತು ನಿಮಿಷಕ್ಕೆ ಮರೆತುಬಿಡುತ್ತಾರೆ. ಇಲ್ಲಿ ಜ್ವಾಲಾಮುಖಿ ಏನಾದರೂ ಇದೆಯಾ ಅಂತ ಒಬ್ಬ ಹುಡುಗ ಕೇಳಿದ್ದ. ಇಲ್ಲ ಮಗಾ. ಮಳೆ ನೀರು ಬಂಡೆಯ ಬಿರುಕಿನಲ್ಲಿ ಇಳಿದು ಇಳಿದು ಬಹಳ ಆಳಕ್ಕೆ ಹೋಗುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಅಲ್ಲಿ ಕಾದ ನೀರು ಇನ್ನೊಂದು ಬಿರುಕು ಹಿಡಿದು ಬೇಗ ಮೇಲೆ ಬಂದರೆ ಬಿಸಿ ಉಳಿದಿರುತ್ತದೆ, ಅಷ್ಟೇ. ಒಲೆ ಇಲ್ಲದ ಹಂಡೆ.

ಇಳಿಯುವ ಮೊದಲು ಬೆಳ್ಳಿ ಒಡವೆ ತೆಗೆದಿಡಿ. ಕಾಲ್ಗೆಜ್ಜೆ, ಉಡುದಾರ, ಕಾಲುಂಗುರ ಎಲ್ಲ. ಗಂಧಕದ ನೀರು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ನನ್ನ ಹೆಂಡತಿಯ ಗೆಜ್ಜೆ ಹಾಗೆ ಕಪ್ಪಾಗಿ, ಪುತ್ತೂರಿನಿಂದ ಹಾಸನದವರೆಗೆ ನನ್ನ ಜೊತೆ ಮಾತಿಲ್ಲ. ಕಾಲುಂಗುರ ತೆಗೆಯುವುದಿಲ್ಲ ಅನ್ನುವವರು ತೆಗೆಯಬೇಡಿ, ಆಮೇಲೆ ಸರಿ ಮಾಡಬಹುದು. ಪಾತ್ರೆಯೊಳಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ, ಬೆಳ್ಳಿ ಆ ಹಾಳೆಗೆ ತಾಗುವಂತೆ ಇಟ್ಟರೆ ಕಪ್ಪು ಬಿಡುತ್ತದೆ.

ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯಬೇಡಿ. ಎಣ್ಣೆ ಸ್ನಾನದ ನೆನಪಿನಲ್ಲಿ ನಮ್ಮವರು ಬಾಟಲಿ ಹಿಡಿದುಕೊಂಡೇ ಬರುತ್ತಾರೆ. ಸೋಪು, ಶಾಂಪೂ ಕೂಡ ಬೇಡ. ಅದು ಊರಿನವರಿಗೆ ತೀರ್ಥ. ಮೆಟ್ಟಿಲ ಮೇಲೆ ಪಾಚಿ ಇರುತ್ತದೆ, ಒಬ್ಬರ ಕೈ ಒಬ್ಬರು ಹಿಡಿದು ಇಳಿಯಿರಿ. ಹೆಂಗಸರು ಗಾಢ ಬಣ್ಣದ ಹಳೇ ಚೂಡಿದಾರ ತಂದರೆ ಒಳ್ಳೆಯದು, ಸೀರೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಟ್ಟೆ ಬದಲಿಸುವ ಕೋಣೆಯನ್ನು ನಂಬಿಕೊಂಡು ಬರಬೇಡಿ. ನಾನು ಡಿಕ್ಕಿಯಲ್ಲಿ ಎರಡು ಹಳೇ ಬೆಡ್‌ಶೀಟು, ಹಗ್ಗ ಇಟ್ಟಿರುತ್ತೇನೆ. ಎರಡು ಅಡಿಕೆ ಮರದ ನಡುವೆ ಕಟ್ಟಿದರೆ ಮುಗಿಯಿತು.

ತಲೆ ಮುಳುಗಿಸಬೇಡಿ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬೆಚ್ಚಗಿನ ಸಿಹಿನೀರಿನಲ್ಲಿ ಮಿದುಳು ತಿನ್ನುವ ಅಮೀಬಾ ಬದುಕಬಲ್ಲದು. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅದರಿಂದ ಜನ ಸತ್ತಿದ್ದಾರೆ. ಅದು ಒಳಗೆ ಹೋಗುವುದು ಮೂಗಿನಿಂದ. ಅಪರೂಪದ ಕಾಯಿಲೆ, ಆದರೆ ಬಂದರೆ ಉಳಿಯುವುದು ಕಷ್ಟ. ಕುತ್ತಿಗೆವರೆಗೆ ಕೂತರೆ ಸಾಕಲ್ಲ? ತಲೆಗೆ ಬೇಕಿದ್ದರೆ ಲಾಡ್ಜ್‌ನಲ್ಲಿ ಗೀಸರ್ ಇದೆ. ಮಕ್ಕಳು ನೀರೆರಚಾಡುವುದನ್ನೂ ತಡೆಯಿರಿ. ಗಾಯ ಇದ್ದವರು ಇಳಿಯಬೇಡಿ. ಹೃದಯದ ತೊಂದರೆ, ಬಿಪಿ ಇರುವವರು, ಬಸುರಿಯರು ಡಾಕ್ಟರನ್ನು ಕೇಳಿ ಬನ್ನಿ. ಉಳಿದವರಿಗೂ ಹದಿನೈದು ನಿಮಿಷ ಸಾಕು. ಆಮೇಲೆ ನಿಧಾನಕ್ಕೆ ಎದ್ದು, ನೀರು ಕುಡಿದು, ಅರ್ಧ ಗಂಟೆ ಕೂರಿ. ಬಿಸಿನೀರಿನಿಂದ ಎದ್ದ ಮೈಗೆ ನಿದ್ದೆ ಎಳೆಯುತ್ತದೆ, ತಕ್ಷಣ ಸ್ಟಿಯರಿಂಗ್ ಹಿಡಿಯಬಾರದು.

ಚರ್ಮರೋಗ ವಾಸಿಯಾಗುತ್ತದೆ ಅಂತ ಬರುವವರಿದ್ದಾರೆ. ಅವರ ನಂಬಿಕೆ, ನಾನು ಅಡ್ಡ ಬರುವುದಿಲ್ಲ. ಮಾತ್ರೆ ಮಾತ್ರ ನಿಲ್ಲಿಸಬೇಡಿ ಅನ್ನುತ್ತೇನೆ.

ಆ ಅಜ್ಜಿಯ ಮಗ ಎರಡು ವರ್ಷ ಬಿಟ್ಟು ಧರ್ಮಸ್ಥಳಕ್ಕೆ ಅಂತ ಮತ್ತೆ ಫೋನ್ ಮಾಡಿದರು. ಜನವರಿ. ನಾನೇ ಒತ್ತಾಯ ಮಾಡಿ ಒಂದು ರಾತ್ರಿ ಪುತ್ತೂರಿನಲ್ಲಿ ಉಳಿಸಿದೆ. ಬೆಳಗ್ಗೆ ಅಜ್ಜಿ ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಬೈದುಕೊಂಡೇ ಬಂದರು. ಮೆಟ್ಟಿಲ ಮೇಲೆ ಕೂತು ಮಂಡಿಯವರೆಗೆ ಕಾಲು ಇಳಿಬಿಟ್ಟರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಈಗ ಕಾದದೆ ಕಣ್ಲಾ" ಅಂದರು. ಹದಿನೈದು ನಿಮಿಷ ಕಳೆದರೂ ಏಳಲಿಲ್ಲ. ಮಂಡಿ ನೋವು ಹೋಯಿತಾ ಅಂತ ಊರಿಗೆ ಬಿಟ್ಟಾಗ ಕೇಳಿದೆ. ಎರಡು ದಿನ ಹಗುರ ಇರ್ತದೆ, ಆಮೇಲೆ ಅದು ವಾಪಸ್ ಬರ್ತದೆ ಅಂತ ಅವರಿಗೇ ಗೊತ್ತಿತ್ತು.

ಒದ್ದೆ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಡಿಕ್ಕಿಯಲ್ಲಿಡಿ, ಸೀಟಿನ ಮೇಲೆ ಒಣಹಾಕಬೇಡಿ. ಒಂದು ಸಲ ಗಿರಾಕಿಯೊಬ್ಬರು ಟವಲ್ ಮರೆತು ಸೀಟಿನ ಕೆಳಗೆ ಬಿಟ್ಟಿದ್ದರು. ಮಾರನೆಯ ದಿನ ಮದುವೆಗೆ ಹೊರಟ ಮನೆಯವರು ಹತ್ತಿದ ತಕ್ಷಣ, "ಕಾರಲ್ಲಿ ಯಾರ್ರೀ ಮೊಟ್ಟೆ ತಿಂದದ್ದು?" ಅಂತ ಕೇಳಿ ಅರಸೀಕೆರೆವರೆಗೂ ನಾಲ್ಕೂ ಕಿಟಕಿ ತೆಗೆಸಿದ್ದರು.